ಎತ್ತಿನ ದಾರಿ, ಕೆಂಪು ಕಾರು

ಊರಿಗೆ ಹೋಗಲು ರಸ್ತೆ ಹುಡುಕುವುದು ಲೋಕರೂಢಿ. ರಸ್ತೆಗೆ ಹೋಗಲು ಊರು ಹುಡುಕುವವನು ನನ್ನ ಭಾವಮೈದುನ ಪ್ರಸಾದ. ನಾಮಕರಣವೋ ಗೃಹಪ್ರವೇಶವೋ ತುಮಕೂರಿನಲ್ಲಿದ್ದರೆ ಅವನಿಗೆ ಅವತ್ತೇ ತಲೆನೋವು, ಅವತ್ತೇ ಆಫೀಸಿನಲ್ಲಿ ಮೀಟಿಂಗು. ಅದೇ ಕಳಸದಲ್ಲೋ ಕೊಲ್ಲೂರಿನಲ್ಲೋ ಇದ್ದರೆ, ಕರೆಯೋಲೆ ನಮ್ಮ ಹೆಸರಿಗೆ ಬಂದಿದ್ದರೂ ಮೊದಲು ಹೊರಟು ನಿಲ್ಲುವವನು ಅವನೇ. "ಊಟ ಎಲ್ಲಿಯಾದರೂ ಸಿಕ್ತದೆ ಭಾವ, ಘಟ್ಟ ಸಿಗುವುದಿಲ್ಲ" ಎನ್ನುವುದು ಅವನ ಸಿದ್ಧಾಂತ. ಉಳಿದವರೆಲ್ಲ ಮ್ಯಾಪು ತೆಗೆದು ನೀಲಿ ಗೆರೆ ಎಷ್ಟು ಗಿಡ್ಡ ಇದೆಯೆಂದು ನೋಡಿದರೆ, ಇವನು ಎಷ್ಟು ಸೊಟ್ಟ ಇದೆಯೆಂದು ನೋಡುತ್ತಾನೆ.

ಇದಕ್ಕೆಲ್ಲ ಮೂಲ ಅವನ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್, ಕೆಂಪು ಬಣ್ಣ, ಎರಡು ಬಾಗಿಲು, ಎರಡೇ ಸೀಟು. ಬೇರೆ ಕಾರುಗಳಿಗೆ ಹತ್ತುತ್ತೇವೆ, ಇಳಿಯುತ್ತೇವೆ. ಇದರೊಳಕ್ಕೆ ಇಳಿಯಬೇಕು, ಆಮೇಲೆ ಯಾರಾದರೂ ಕೈ ಕೊಟ್ಟರೆ ಹತ್ತಿ ಹೊರಗೆ ಬರಬೇಕು. ನನ್ನ ಮಂಡಿಗಳಿಗೆ ಈ ವ್ಯತ್ಯಾಸ ಬಹಳ ಬೇಗ ಅರ್ಥವಾಯಿತು. ನನ್ನ ಅತ್ತೆಯವರಿಗಂತೂ ಈ ಕಾರಿನ ಮೇಲೆ ಒಂದೇ ಆಕ್ಷೇಪ: "ಎರಡೇ ಸೀಟಿದ್ದು ತಗೊಂಡದ್ದು ಯಾಕೆ ಅಂತ ನಂಗೆ ಗೊತ್ತುಂಟು. ತಾಯಿಯನ್ನು ಕೂರಿಸುವುದು ಬೇಡ ಅಂತ."

ನನಗೂ ಅವನಿಗೂ ಇರುವುದು ವೃತ್ತಿಪರ ವಿರೋಧ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಮಾಡಿಸುತ್ತಾ ನಿವೃತ್ತನಾದವನು. ತಿರುವುಗಳನ್ನು ನೇರ ಮಾಡಿಸಿ ಸಂಬಳ ತಗೊಂಡೆ. ಇವನು ಬೆಂಗಳೂರಿನಲ್ಲಿ ಸಂಬಳ ತಗೊಂಡು ಅದನ್ನು ತಿರುವುಗಳಲ್ಲಿ ಕಳೆಯುತ್ತಾನೆ. ಹಾಗಿದ್ದೂ ಅವನ ಪಕ್ಕದ ಸೀಟು ಹೆಚ್ಚಾಗಿ ನನ್ನ ಪಾಲಿಗೇ ಬರುತ್ತದೆ. ಅವನ ಹೆಂಡತಿ ಮೊದಲ ಘಟ್ಟಕ್ಕೇ ಕೈ ಮುಗಿದಳು. ಸ್ನೇಹಿತರೆಲ್ಲ ಮಕ್ಕಳೊಂದಿಗರು, ಸೀಟು ಸಾಲದು. ನಿವೃತ್ತ ಭಾವ ಎಂದರೆ ಯಾವಾಗಲೂ ಖಾಲಿ ಇರುವ ಮನುಷ್ಯನೆಂದು ಮನೆಯಲ್ಲಿ ಸರ್ವಾನುಮತದಿಂದ ತೀರ್ಮಾನವಾಗಿದೆ.

ಅವನು ಮಾತೆತ್ತಿದರೆ ವಿದೇಶದ ಘಟ್ಟಗಳು. ಇಟಲಿಯ ಸ್ಟೆಲ್ವಿಯೋ ಪಾಸಿನ ಒಂದೇ ಮಗ್ಗುಲಿಗೆ 48 ಹೇರ್‌ಪಿನ್ ತಿರುವುಗಳು. ಅಮೆರಿಕದಲ್ಲಿ ಟೆನೆಸೀ, ನಾರ್ತ್ ಕ್ಯಾರೊಲೈನಾ ಗಡಿಯಲ್ಲಿ 'ಟೇಲ್ ಆಫ್ ದಿ ಡ್ರ್ಯಾಗನ್' ಎಂಬ ರಸ್ತೆ: 11 ಮೈಲಿಯಲ್ಲಿ 318 ತಿರುವು, ನಡುವೆ ಒಂದು ಅಡ್ಡರಸ್ತೆಯೂ ಇಲ್ಲ. ಅಲ್ಲಿ ಬಿದ್ದವರು ತಮ್ಮ ಬೈಕಿನ ಮುರಿದ ಚೂರುಗಳನ್ನು ತಂದು ಒಂದು ಮರಕ್ಕೆ ನೇತುಹಾಕುತ್ತಾರಂತೆ. ಅದಕ್ಕೆ ನಾಚಿಕೆಯ ಮರವೆಂದೇ ಹೆಸರಂತೆ. ನಮ್ಮಲ್ಲಿ ಹಾಗೆ ಮಾಡಿದರೆ ಮಾರನೆಯ ಬೆಳಿಗ್ಗೆ ಮರದಲ್ಲಿ ಒಂದು ಚೂರೂ ಉಳಿಯದು, ಗುಜರಿಯವನು ಬಂದುಹೋಗಿರುತ್ತಾನೆ ಎಂದೆ. ಅವನಿಗೆ ಹಿಡಿಸಲಿಲ್ಲ.

ನಮ್ಮ ನೆಲದಲ್ಲಿ ಸ್ಪೋರ್ಟ್ಸ್ ಕಾರಿಗೆ ತಿರುವಿನ ಬರವಿಲ್ಲ. ತಿರುವಿನವರೆಗೆ ಹೋಗುವುದೇ ಕಷ್ಟ. ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 12 ಸೆಂಟಿಮೀಟರ್; ನಾನು ಕೂತ ಮೇಲೆ ಎಷ್ಟೆಂದು ಅಳೆಯಲು ಅವನಿಗೆ ಧೈರ್ಯವಿಲ್ಲ. ನಾವು ಓದಿದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ರಸ್ತೆಯ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಹಳ್ಳಿಗಳ ಹಂಪಿಗೆ ಅಂಥ ಪುಸ್ತಕದ ಹಂಗಿಲ್ಲ. ಕೋಳಿ ಸತ್ತಲ್ಲಿ ಒಂದು, ಕರು ಸತ್ತಲ್ಲಿ ಎರಡು. ಎತ್ತರ ಊರವರ ಸಿಟ್ಟಿಗೆ ತಕ್ಕಷ್ಟು. ಪ್ರತಿಯೊಂದಕ್ಕೂ ಪ್ರಸಾದ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತಾನೆ. ಆಗ ಹಿಂದಿನವರೆಲ್ಲ ಹಾರ್ನು ಹೊಡೆಯುತ್ತಾರೆ, ಅಂಗಡಿ ಕಟ್ಟೆಯಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ಹುಡುಗರು ಕಾರಿನ ಪಕ್ಕದಲ್ಲೇ ನಡೆಯುತ್ತಾ "ಅಂಕಲ್, ಟಾಪ್ ಸ್ಪೀಡ್ ಎಷ್ಟು?" ಎಂದು ಕೇಳುತ್ತಾರೆ. ಉತ್ತರ ಕೇಳಿಸಿಕೊಂಡು ನಮ್ಮನ್ನು ದಾಟಿ ಮುಂದೆ ಹೋಗುತ್ತಾರೆ.

ಅವನ ಬಳಿ ಘಟ್ಟಗಳ ಜಾತಕವೇ ಇದೆ. ಶಿರಾಡಿಗೆ ಅಲ್ಲಿ ಜಾಗವಿಲ್ಲ. ಮಂಗಳೂರಿನಿಂದ ಬರುವ ಗ್ಯಾಸ್ ಟ್ಯಾಂಕರುಗಳ ಹಿಂದೆ ಸಾಲಿನಲ್ಲಿ ನಿಂತು, 'ಅಪಾಯ' ಎಂಬ ಬೋರ್ಡನ್ನು ಓದುತ್ತಾ ಕೂರಲು ಅಷ್ಟು ದುಡ್ಡಿನ ಕಾರು ಬೇಡ ಎಂಬುದು ಅವನ ವಾದ. ಚಾರ್ಮಾಡಿಗೆ ಅಂಕ ಜಾಸ್ತಿ. ಮಂಜು, ಜಲಪಾತ, ಕಣಿವೆ ಎಲ್ಲವೂ ಇವೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ವಾಹನಗಳು ನಿಂತಿದ್ದ ಈ ದಾರಿಯಲ್ಲಿ, ಭಾನುವಾರಗಳಂದು ಗುಡ್ಡ ಕುಸಿಯದೆಯೂ ವಾಹನಗಳು ನಿಲ್ಲುತ್ತವೆ. ಪ್ರತಿ ನೀರಿನ ಹನಿಯ ಕೆಳಗೂ ಒಬ್ಬರು ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ನಾವು ಹೋದ ದಿನ ಅಣ್ಣಪ್ಪಸ್ವಾಮಿಯ ಗುಡಿಯ ಮುಂದೆ ಲಾರಿಯವರ ಸಾಲಿನಲ್ಲಿ ಪ್ರಸಾದನೂ ಇಳಿದು ಕೈ ಮುಗಿದ. ಮೇಲೆ ಕೊಟ್ಟಿಗೆಹಾರ ತಲುಪಿ ನೀರುದೋಸೆ ತಿಂದೆವು. ಅವತ್ತು ನಾವು ವೇಗ ತೋರಿಸಿದ್ದು ಅಲ್ಲಿ ಮಾತ್ರ.

ನಿಜವಾಗಿ ಅವನ ಎದೆ ಹಿಗ್ಗಿಸುವ ದಾರಿ ಕುದುರೆಮುಖದ್ದು. ಗಣಿಗಾಗಿ ಬೆಳೆದ ದಾರಿ. 2005ರ ಕೊನೆಗೆ ಗಣಿ ನಿಂತ ಮೇಲೆ ಶೋಲಾ ಕಾಡು, ಹುಲ್ಲುಗುಡ್ಡಗಳ ನಡುವೆ ತನ್ನ ಪಾಡಿಗೆ ತಾನು ಬಳುಕಿಕೊಂಡಿದೆ. ಆದರೆ ಅದು ರಾಷ್ಟ್ರೀಯ ಉದ್ಯಾನ. ಗೇಟಿನಲ್ಲಿ ಹೊತ್ತು ಬರೆದು ಚೀಟಿ ಕೊಡುತ್ತಾರೆ. ನಡುವೆ ನಿಲ್ಲುವಂತಿಲ್ಲ, ಓಡಿಸಿ ಆಟವಾಡುವಂತಿಲ್ಲ. ಇವನು ಚೀಟಿಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು, ಪರೀಕ್ಷೆ ಬರೆಯುವ ಮುಖ ಮಾಡಿಕೊಂಡು ಮೂವತ್ತರಲ್ಲಿ ನಡೆಸಿದ. ಆಗ ನಾನು ಗಣಿಯ ಕತೆ ತೆಗೆದೆ: "ಇಲ್ಲಿನ ಅದಿರಿಗೆ ಕೂಡ ತಿರುವು ಬೇಡವಾಗಿತ್ತು ಮಾರಾಯ. ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು." ಅವನು ನನ್ನನ್ನು ನೋಡಿದ ರೀತಿಯಲ್ಲಿ, ನನ್ನನ್ನೂ ಹಾಗೇ ಕಳಿಸುವ ಆಸೆ ಇತ್ತು.

ಇನ್ನು ಆಗುಂಬೆ. ಅದು ನಮಗೆ ಘಟ್ಟವಲ್ಲ, ಸಂಬಂಧ. ನನ್ನದು ಘಟ್ಟದ ಮೇಲೆ, ತೀರ್ಥಹಳ್ಳಿ ಕಡೆ. ಹೆಂಡತಿಯ ತವರು ಘಟ್ಟದ ಕೆಳಗೆ, ಹೆಬ್ರಿ ಕಡೆ. ನಡುವೆ 14 ಹೇರ್‌ಪಿನ್ ತಿರುವುಗಳು. ಹೆಣ್ಣು ನೋಡಲು ಹೋದಾಗ ಅವುಗಳನ್ನು ಎಣಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಒಬ್ಬರ ಕೈಯಲ್ಲಿ ನಿಂಬೆಹಣ್ಣು, ಒಬ್ಬರ ಬಾಯಲ್ಲಿ ಹುಣಸೆಹುಳಿ, ಕಿಟಕಿ ಪಕ್ಕದ ಸೀಟಿಗೆ ಜಗಳ. ನಮ್ಮ ಚಿಕ್ಕಪ್ಪ ಹೆಣ್ಣಿನ ಮನೆಯ ಜಗಲಿಯಲ್ಲಿ ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದರಿಂದ ವರದಕ್ಷಿಣೆಯ ಮಾತೇ ಬರಲಿಲ್ಲ. ಆಗುಂಬೆಯ ತಿರುವುಗಳಿಂದ ಸಮಾಜಕ್ಕಾದ ಉಪಕಾರಗಳಲ್ಲಿ ಇದೂ ಒಂದು. ಅತ್ತೆಯವರು ಇವತ್ತಿಗೂ ನಿಂಬೆಹಣ್ಣಿಲ್ಲದೆ ಘಟ್ಟ ಹತ್ತುವುದಿಲ್ಲ. ಅಂಥ ಮನೆಯಲ್ಲಿ ಹುಟ್ಟಿದ ಕೊನೆಯ ಮಗ ಅದೇ 14 ತಿರುವುಗಳಿಗೋಸ್ಕರ ಬ್ಯಾಂಕಿನಲ್ಲಿ ಸಾಲ ಮಾಡಿದ್ದಾನೆ.

ಆ ಘಟ್ಟದಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಓಡಾಡುವುದು ಮಿನಿ ಬಸ್ಸುಗಳು. ಮಳೆಗಾಲದ ಒಂದು ಮಧ್ಯಾಹ್ನ ಸೋಮೇಶ್ವರದಿಂದ ಹತ್ತತೊಡಗಿದೆವು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗದಲ್ಲಿ ಡಾಂಬರು ಹೇಗಿರಬೇಕೋ ಹಾಗಿತ್ತು. ಪ್ರಸಾದ ಒಂದೊಂದು ಗುಂಡಿಯನ್ನೂ ಮಾತನಾಡಿಸಿ ಮುಂದೆ ಹೋಗುತ್ತಿದ್ದ. ತಡೆಗೋಡೆಯ ಮೇಲೆ ಕೂತ ಮಂಗಗಳು ನಮ್ಮ ಕಾರಿನ ಚಾವಣಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಿದ್ದವು. ನಾನು ಬಹಳ ಹೊತ್ತಿನಿಂದ ಅಡಗಿಸಿಕೊಂಡಿದ್ದ ಪ್ರಶ್ನೆಯನ್ನು ಆಗ ಕೇಳಿದೆ: "ಪ್ರಕೃತಿ ಸೌಂದರ್ಯ ಅಂದೆಯಲ್ಲ, ಎಲ್ಲಿ?" ಸೀಟು ಎಷ್ಟು ತಗ್ಗೆಂದರೆ ನನಗೆ ಕಣಿವೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ತಡೆಗೋಡೆಯ ಒಳಮೈ, ಅದರ ಪಾಚಿ, 'ಮಂಜು ಲವ್ಸ್' ಎಂಬ ಅರ್ಧ ಅಳಿಸಿದ ಬರಹ. ಹೆಚ್ಚೆಂದರೆ ನಿರ್ಮಾಣದ ಗುಣಮಟ್ಟ ಪರಿಶೀಲಿಸಬಹುದಿತ್ತು. ಅದನ್ನು ಕೆಲಸದಲ್ಲಿದ್ದಾಗಲೇ ಮಾಡಿದ್ದೆ.

ಹಿಂದಿನಿಂದ ಹಾರ್ನು ಕೇಳಿತು. ಮಿನಿ ಬಸ್ಸು. ಬಾಗಿಲಿನಲ್ಲಿ ಕಂಡಕ್ಟರ್, ಒಳಗೆ ಕಾಲೇಜು ಮಕ್ಕಳು, ಬಾಳೆಗೊನೆ, ಮಡಿಲಲ್ಲಿ ಕೂಸು ಮಲಗಿಸಿಕೊಂಡ ತಾಯಿ. ಡ್ರೈವರು ಒಂದು ಕೈಯಲ್ಲಿ ಸ್ಟೇರಿಂಗು ತಿರುಗಿಸುತ್ತಾ, ಯಾರ ಜೊತೆಗೋ ಹಿಂದಿನ ದಿನದ ಯಕ್ಷಗಾನದ ಭಾಗವತರ ಬಗ್ಗೆ ಮಾತನಾಡುತ್ತಾ ಬರುತ್ತಿದ್ದ. ತಿರುವು ಎಲ್ಲಿ ಅಗಲವಾಗುತ್ತದೆಂದು ಅವನಿಗೆ ಬಾಯಿಪಾಠ. ಅಲ್ಲಿ ನಮ್ಮ ಪಕ್ಕಕ್ಕೆ ಬಂದು, ನಿಧಾನಿಸಿ, ಬಹಳ ಕಾಳಜಿಯಿಂದ ಬಗ್ಗಿ ಕೇಳಿದ: "ಎಂತ ಮಾರಾಯ್ರೆ, ಗಾಡಿ ಹಾಳಾಯ್ತಾ? ಮೇಲೆ ಮೆಕ್ಯಾನಿಕ್ ಇದ್ದಾನೆ, ಹೇಳ್ಬೇಕಾ?" ಪ್ರಸಾದ ಬೇಡವೆಂದು ತಲೆಯಾಡಿಸಿದ. ಬಸ್ಸು ಹೋಯಿತು. ಸ್ಪೀಡೋಮೀಟರಿನಲ್ಲಿ 280ರವರೆಗೆ ಅಂಕಿಗಳಿದ್ದವು. ಮುಳ್ಳು 15ರ ಬಳಿ ನಾಚಿಕೊಂಡಿತ್ತು.

ಸಮಾಧಾನ ಹೇಳುವುದು ಹಿರಿಯರ ಧರ್ಮ. ಮೇಲೆ ಹೋಗಿ ಚಹಾ ಕುಡಿಯುತ್ತಾ ಅವನಿಗೆ ಘಟ್ಟದ ಲೆಕ್ಕ ವಿವರಿಸಿದೆ. "ನೋಡು, ಹೇರ್‌ಪಿನ್ ತಿರುವಿನ ಒಳಸುತ್ತಿಗೆ ಕನಿಷ್ಠ 14 ಮೀಟರ್ ತ್ರಿಜ್ಯ ಸಾಕು ಎನ್ನುತ್ತದೆ ನಮ್ಮ ಪುಸ್ತಕ. ಅದಕ್ಕೆ ಇಟ್ಟುಕೊಂಡ ವೇಗ ಗಂಟೆಗೆ 20 ಕಿಲೋಮೀಟರ್. ನೀನು 15ರಲ್ಲಿ ಇದ್ದೆ. ಮುಕ್ಕಾಲು ಪಾಲು ಅಂಕ ಬಂತಲ್ಲ!"

ನಿಜಕ್ಕೂ ಈ ತಿರುವುಗಳು ಯಾಕಿವೆ? ಘಟ್ಟದ ಹಳೆಯ ದಾರಿಗಳಲ್ಲಿ ಮೊದಲು ನಡೆದದ್ದು ಹೇರೆತ್ತುಗಳು, ಆಮೇಲೆ ಎತ್ತಿನ ಗಾಡಿಗಳು. ಮೇಲಿನಿಂದ ಅಡಿಕೆ, ಅಕ್ಕಿ, ಕಾಫಿ. ಕೆಳಗಿನಿಂದ ಉಪ್ಪು, ತೆಂಗು, ಒಣಮೀನು. ಹೊರೆ ಎಳೆಯುವ ಎತ್ತಿಗೆ ಕಡಿದಾದ ಏರು ಆಗದು. 20 ಅಡಿ ಮುಂದಕ್ಕೆ 1 ಅಡಿ ಮೇಲಕ್ಕೆ ಎಂಬ ಲೆಕ್ಕ ಹಿಡಿದರೆ, 1000 ಅಡಿ ಏರಲು 6 ಕಿಲೋಮೀಟರ್ ರಸ್ತೆ ಬೇಕು. ಬೆಟ್ಟದ ಮೈಯಲ್ಲಿ ಅಷ್ಟುದ್ದ ನೇರ ಜಾಗ ಎಲ್ಲಿಂದ ತರುವುದು? ಒಂಬತ್ತು ಗಜದ ಸೀರೆಯನ್ನು ನೆರಿಗೆ ಹಿಡಿದು ಸಿಕ್ಕಿಸುವ ಹಾಗೆ ರಸ್ತೆಯನ್ನೂ ಮಡಚಬೇಕು. ಒಂದೊಂದು ಮಡಿಕೆಯೂ ಒಂದೊಂದು ಹೇರ್‌ಪಿನ್. ಆ ಮಡಿಕೆಯಲ್ಲಿ ಏರನ್ನು ಇನ್ನೂ ತಗ್ಗಿಸಿ 40ಕ್ಕೆ 1ರೊಳಗೆ ಇಡಬೇಕೆಂದು ನಿಯಮ. ತಿರುಗುವ ಕಷ್ಟ, ಏರುವ ಕಷ್ಟ ಒಟ್ಟೊಟ್ಟಿಗೆ ಬೇಡವೆಂದು. ರೈಲು ಇನ್ನೂ ಮೈಗಳ್ಳ. 50ಕ್ಕೆ 1ಕ್ಕಿಂತ ಹೆಚ್ಚು ಏರಲು ಒಪ್ಪಲಿಲ್ಲ. ಅದಕ್ಕೇ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಸಲು 57 ಸುರಂಗ ಕೊರೆಯಬೇಕಾಯಿತು.

ಇವನ ಸ್ಟೆಲ್ವಿಯೋದ ಕತೆಯೂ ಇದೇ. ಅದು 1825ರಲ್ಲಿ ತೆರೆದ ದಾರಿ. ಕಾರ್ಲೋ ಡೊನೆಗಾನಿ ಎಂಬ ಇಂಜಿನಿಯರು ಅದನ್ನು ಮಾಡಿಸಿದಾಗ ಜಗತ್ತಿನಲ್ಲಿ ಕಾರೇ ಇರಲಿಲ್ಲ. ಆ 48 ಮಡಿಕೆಗಳನ್ನು ಹಾಕಿದ್ದು ಗಾಡಿಯ ಕುದುರೆಗಳ ಏದುಸಿರನ್ನು ಲೆಕ್ಕಹಾಕಿ. ಇನ್ನೂರೈವತ್ತು ಕುದುರೆಶಕ್ತಿಯ ಕಾರಿಗೆ ಲೋಕದ ಅತ್ಯುತ್ತಮ ರಸ್ತೆಯೆಂದು ಇವರೆಲ್ಲ ಹುಡುಕಿಕೊಂಡು ಹೋಗುವುದು, ಎರಡು ಕುದುರೆಗೆ ಸುಸ್ತಾಗದಿರಲೆಂದು ಮಾಡಿದ ದಾರಿಯನ್ನು. ಅವಸರವಿಲ್ಲದವರು ಬಿಟ್ಟುಹೋದ ಆಸ್ತಿಯಲ್ಲಿ ಅವಸರದವರು ಮಜಾ ಹುಡುಕುತ್ತಿದ್ದಾರೆ. ನಮ್ಮ ಕಾಲದಲ್ಲಿ ಅವಸರದವರೇ ಮಾಡಿದ ರಸ್ತೆಗಳು ಎಕ್ಸ್‌ಪ್ರೆಸ್ ವೇಗಳು. ಅವುಗಳಲ್ಲಿ ಇವನಿಗೆ ನಿದ್ದೆ ಬರುತ್ತದೆ.

"ಆದರೆ ಒಂದು ಹೇಳ್ತೇನೆ" ಎಂದೆ. "ತಿರುವು ಚೆಂದ ಅನ್ನುವುದು ಬಂದುಹೋಗುವವರ ಮಾತು. ತೀರ್ಥಹಳ್ಳಿ, ಕೊಪ್ಪ ಕಡೆಯ ರೋಗಿಗಳು ಮಣಿಪಾಲದ ಆಸ್ಪತ್ರೆಗೆ ಇಳಿಯುವುದೂ ಇದೇ ದಾರಿಯಲ್ಲಿ. ಆಂಬುಲೆನ್ಸಿನಲ್ಲಿ ಮಲಗಿದವರಿಗೆ 14 ಬಹಳ ದೊಡ್ಡ ಸಂಖ್ಯೆ. ಇಲ್ಲಿಗೂ ಸುರಂಗ ಬೇಕು ಅನ್ನುವ ಮಾತು ಆಗಾಗ ಏಳುತ್ತದೆ. ಕಾಡು ಹೋಗ್ತದೆ, ಸಿಂಗಳೀಕ ಹೋಗ್ತದೆ ಅಂತ ಬೇಡ ಅನ್ನುವವರೂ ಇದ್ದಾರೆ. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯ ಉಂಟು. ನೀನು ಯಾವ ಕಡೆ?"

ಪ್ರಸಾದ ಚಹಾದ ಲೋಟ ಕೆಳಗಿಟ್ಟ. ಅಷ್ಟು ಗಂಭೀರವಾಗಿ ಅವನು ಯೋಚಿಸಿದ್ದನ್ನು ನಾನು ನೋಡಿರಲಿಲ್ಲ. ಘಟ್ಟದ ಮಗ, ತಿರುವಿನ ಭಕ್ತ. ಇವನ ಬಾಯಲ್ಲಿ ಈಗ ಕಾಡಿನ ಪರವಾಗಿ ನಾಲ್ಕು ಒಳ್ಳೆಯ ಮಾತು ಬರುತ್ತದೆ, ಅತ್ತೆಯವರಿಗೆ ಹೇಳಿ ಖುಷಿಪಡಿಸಬಹುದು ಎಂದು ಕಾದೆ.

"ಭಾವ," ಎಂದ ಅವನು, ಕಣ್ಣು ಅರಳಿಸಿ, "ಸುರಂಗದ ಒಳಗೆ ಈ ಕಾರಿನ ಸೈಲೆನ್ಸರಿನ ಸೌಂಡು ಹೇಗೆ ಬರಬಹುದು ಅಂತ ಒಮ್ಮೆ ಯೋಚನೆ ಮಾಡಿ!"