ಇಡ್ಲಿ ತಿನ್ನಬಹುದು, ರುಬ್ಬಬಾರದು

ಪರದೇಶಕ್ಕೆ ಹೋಗಿಬಂದವರು ಮೊದಲ ವಾರ ಏನೇನು ಮಾತಾಡಬೇಕು ಎಂಬುದು ನಮ್ಮ ಬಡಾವಣೆಯಲ್ಲಿ ಬಹಳ ಹಿಂದೆಯೇ ನಿಶ್ಚಯವಾಗಿಬಿಟ್ಟಿದೆ. ‘ಅಬ್ಬಬ್ಬಾ, ಏನು ಧೂಳು!’ ಎನ್ನಬೇಕು. ಹಾರ್ನ್ ಕೇಳಿದ ಕೂಡಲೇ ಕಿವಿ ಮುಚ್ಚಿಕೊಳ್ಳಬೇಕು. ಅಲ್ಲಿಯ ರಸ್ತೆಯ ಮೇಲೆ ಅನ್ನ ಬಡಿಸಿಕೊಂಡು ಉಣ್ಣಬಹುದು ಎಂದು ಒಂದು ಸಲವಾದರೂ ಹೇಳಬೇಕು. ಹಾಗೆ ಉಂಡವರನ್ನು ನಾನಂತೂ ಕಾಣಲಿಲ್ಲ. ಮ್ಯೂನಿಕ್‌ನ ಮಗಳ ಮನೆಯಿಂದ ಮೈಸೂರಿಗೆ ಮರಳಿದಾಗ ಪಾರ್ಕಿನ ಗೆಳೆಯರು ನನ್ನ ಬಾಯಿಂದಲೂ ಇದನ್ನೇ ನಿರೀಕ್ಷಿಸಿದ್ದರು. ‘ಹೇಗಿತ್ರೀ ಜರ್ಮನಿ?’ ಎಂದರು. ‘ಎಲ್ಲ ಚೆನ್ನಾಗಿತ್ತು. ಜಗಳ ಆಡೋಕೆ ಯಾರೂ ಸಿಗಲಿಲ್ಲ ಅಷ್ಟೆ’ ಎಂದೆ. ಪಾಪ, ಅವರ ಮುಖ ಬಾಡಿತು.

ಸುಳ್ಳು ಹೇಳಲಿಲ್ಲ ನಾನು. ಅಲ್ಲಿ ಒಂದು ಇಡೀ ದಿನವನ್ನು ಯಾರೊಡನೆಯೂ ಬಾಯಿ ಬಿಡದೆ ಸುಖವಾಗಿ ಕಳೆಯಬಹುದು. ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ. ನೆಲದಡಿಯ ರೈಲಿಗೆ ಗೇಟೂ ಇಲ್ಲ. ಟಿಕೆಟ್ಟನ್ನು ನಾವೇ ಕೊಂಡು, ಒಂದು ಪುಟ್ಟ ಪೆಟ್ಟಿಗೆಯ ಬಾಯಿಗೆ ತೂರಿಸಿ, ನಾವೇ ಮೊಹರು ಒತ್ತಿಸಿಕೊಂಡು, ಸಜ್ಜನರಂತೆ ಕೂತುಬಿಡಬೇಕು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಅದನ್ನು ಮಗಳು ರೂಪಾಯಿಗೆ ಪರಿವರ್ತಿಸಿ ಹೇಳಿದ ಮೇಲೆ, ಮೊಹರು ಬಿದ್ದಿದೆಯೋ ಇಲ್ಲವೋ ಎಂದು ನಾನು ನಿಲ್ದಾಣಕ್ಕೊಮ್ಮೆ ಟಿಕೆಟ್ ತೆಗೆದು ನೋಡುತ್ತಿದ್ದೆ.

ಖಾಲಿ ಬಾಟಲಿಯ ಕತೆ ಕೇಳಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಕೊಂಡರೆ 25 ಸೆಂಟ್ ಠೇವಣಿ ಸೇರಿಸಿಯೇ ಬಿಲ್ ಹಾಕುತ್ತಾರೆ. ಖಾಲಿಯಾದ ಮೇಲೆ ಅಂಗಡಿಯ ಗೋಡೆಯಲ್ಲಿರುವ ಯಂತ್ರಕ್ಕೆ ಉಣಿಸಿದರೆ ಅದು ಗೊರಗೊರ ಎಂದು ನುಂಗಿ ಚೀಟಿ ಕೊಡುತ್ತದೆ. ತೂಕದಲ್ಲಿ ಮೋಸವಿಲ್ಲ, ಚೌಕಾಸಿ ಇಲ್ಲ. ನನ್ನವಳಿಗೆ ಇದು ಕೊನೆಯವರೆಗೂ ಒಗ್ಗಲಿಲ್ಲ. ಮೂವತ್ತು ವರ್ಷ ಹಳೇ ಪೇಪರ್‌ನವನ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟು, ‘ಕೈ ತೆಗಿಯಪ್ಪಾ ಮೊದಲು’ ಎಂದು ಗದರಿ ಪಳಗಿದವಳು ಅವಳು. ಯಂತ್ರದ ಮುಂದೆ ಅಂಥ ವಿದ್ಯೆಯೆಲ್ಲ ವ್ಯರ್ಥ.

ಭಾನುವಾರದ ಮಾತು ಬೇರೆ. ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕುತ್ತವೆ. ವಾರದ ದಿನಗಳಲ್ಲೂ ರಾತ್ರಿ ಎಂಟರ ಮೇಲೆ ಬೆಂಕಿಪೊಟ್ಟಣ ಸಿಗುವುದು ಕಷ್ಟ. ಇದೇನು ಸೋಮಾರಿತನ ಎಂದು ಅಳಿಯನನ್ನು ಕೆಣಕಿದೆ. ಭಾನುವಾರದ ವಿಶ್ರಾಂತಿಗೆ 1919ರ ವೈಮರ್ ಸಂವಿಧಾನದಲ್ಲೇ ರಕ್ಷಣೆ ಇತ್ತೆಂದೂ, 1949ರ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತೆಂದೂ ಅವನು ಗಂಭೀರವಾಗಿ ವಿವರಿಸಿದ. ಈ ಸಂವಿಧಾನ ನಮ್ಮ ಅಡಿಗೆಮನೆಗೂ ಬಂದದ್ದು ಒಂದು ಭಾನುವಾರ ಬೆಳಗ್ಗೆ. ನನ್ನವಳು ನೆನೆಹಾಕಿದ್ದ ಉದ್ದಿನಬೇಳೆಯನ್ನು ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿದ್ದಳೋ ಇಲ್ಲವೋ, ಮಗಳು ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಓಡಿಬಂದಳು.

‘ಅಮ್ಮಾ, ಇವತ್ತು ಭಾನುವಾರ!’

‘ಅದಕ್ಕೇನೇ? ಭಾನುವಾರ ಹಿಟ್ಟು ರುಬ್ಬಿದರೆ ತಾನೆ ಸೋಮವಾರ ಇಡ್ಲಿ?’

‘ಇಡ್ಲಿ ತಿನ್ನಬಹುದು ಅಮ್ಮಾ, ರುಬ್ಬಬಾರದು. ಕೆಳಗಿನ ಮನೆಯವರು ಕಂಪ್ಲೇಂಟ್ ಕೊಡ್ತಾರೆ.’

ಉಪ್ಪಿನಕಾಯಿಯ ಖಾಲಿ ಸೀಸೆಯನ್ನಾದರೂ ಎಸೆದು ಬರೋಣವೆಂದು ಹೊರಟರೆ ಅದಕ್ಕೂ ತಡೆ. ಬಿಳಿ, ಹಸಿರು, ಕಂದು ಗಾಜಿಗೆ ಬೇರೆಬೇರೆ ಡಬ್ಬಗಳಿವೆ, ಸರಿ. ಆದರೆ ಗಾಜು ಬಿದ್ದರೆ ಠಣ್ ಎನ್ನುತ್ತದಲ್ಲ, ಆದ್ದರಿಂದ ಭಾನುವಾರ ಹಾಕುವಂತಿಲ್ಲ. ಆ ಇಡೀ ಕಟ್ಟಡದಲ್ಲಿ ಅಂದು ಕೇಳಿದ ಅತಿ ದೊಡ್ಡ ಸದ್ದು ನಾನು ಕಾಫಿ ಹೀರಿದ್ದು.

ಹಾಗಾದರೆ ಅಲ್ಲಿಯವರು ಮಾತೇ ಆಡುವುದಿಲ್ಲವೇ? ಆಡುತ್ತಾರೆ. ರೈಲು ತಡವಾಗಬೇಕು ಅಷ್ಟೆ. ಜರ್ಮನಿಯ ರೈಲು ಎಂದರೆ ಗಡಿಯಾರ ಎಂದು ನಾವು ಶಾಲೆಯ ದಿನಗಳಿಂದ ನಂಬಿಕೊಂಡು ಬಂದಿದ್ದೇವೆ. ನಿಜವೇನೆಂದರೆ 2024ರಲ್ಲಿ ಅಲ್ಲಿನ ದೂರಪ್ರಯಾಣದ ರೈಲುಗಳ ಪೈಕಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ತಡವಾಗಿಯೇ ನಿಲ್ದಾಣ ತಲುಪಿದವು. ಆರು ನಿಮಿಷ ದಾಟಿದರೆ ತಡವೆಂದು ಲೆಕ್ಕ. ನಮ್ಮಲ್ಲಾದರೆ ಅದು ಬೇಗ ಬಂದ ರೈಲು! ಸಾಲ್ಸ್‌ಬರ್ಗ್ ನೋಡಲು ಹೊರಟ ದಿನ ನಮ್ಮ ರೈಲಿನ ಹೆಸರಿನ ಮುಂದೆ ನಲವತ್ತು ನಿಮಿಷ ಎಂದು ಫಲಕದಲ್ಲಿ ಮೂಡಿತು. ಅಷ್ಟು ಹೊತ್ತೂ ಕಂಬಗಳಂತೆ ನಿಂತಿದ್ದ ಜನಕ್ಕೆ ಒಮ್ಮೆಲೇ ಜೀವ ಬಂತು. ಒಬ್ಬ ಮುದುಕಿ ನೇರ ನನ್ನವಳ ಕಡೆ ತಿರುಗಿ, ಫಲಕದತ್ತ ಕೈಮಾಡಿ, ಐದು ನಿಮಿಷ ಒಂದೇ ಉಸಿರಿಗೆ ಮಾತಾಡಿದಳು. ನನ್ನವಳಿಗೆ ಜರ್ಮನ್ ಒಂದಕ್ಷರ ಬಾರದು. ಆದರೂ ಅವಳು ತಲೆಯಾಡಿಸಿ, ‘ಹೂಂ ಕಣ್ರೀ, ಎಲ್ಲಾ ಕಡೆ ಇದೇ ಹಣೇಬರಹ’ ಎಂದು ಅಪ್ಪಟ ಕನ್ನಡದಲ್ಲಿ ಉತ್ತರ ಕೊಟ್ಟಳು. ಇಬ್ಬರಿಗೂ ಬಹಳ ಸಮಾಧಾನವಾದಂತೆ ಕಂಡಿತು. ರೈಲು ಬಂದಾಗ ಒಬ್ಬರನ್ನೊಬ್ಬರು ಬಿಟ್ಟುಹೋಗಲು ಮನಸ್ಸಿಲ್ಲದೆ ಕೈ ಬೀಸಿದರು. ನನ್ನ ಮಟ್ಟಿಗೆ ಆ ಇಡೀ ಪ್ರವಾಸದ ಶ್ರೇಷ್ಠ ಗಳಿಗೆ ಅದೇ. ಸಾಲ್ಸ್‌ಬರ್ಗ್‌ನಲ್ಲಿ ಮೊಜಾರ್ಟ್ ಹುಟ್ಟಿದ ಮನೆಗೆ ಎರಡನೆಯ ಸ್ಥಾನ.

ಮೈಸೂರಿಗೆ ಬಂದ ಮರುದಿನ ಬೆಳಗ್ಗೆ ಏಳಕ್ಕೆ ‘ಸೊಪ್ಪೋ... ದಂಟು, ಕೀರೆ, ಸಬ್ಬಸ್ಗೆ ಸೊಪ್ಪೋ...’ ಎಂಬ ಕೂಗು ಬಂತು. ಮೊದಲೆಲ್ಲ ಈ ಕೂಗಿಗೆ ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ. ಈಗ ನನ್ನವಳಿಗಿಂತ ಮುಂಚೆ ಗೇಟಿನ ಬಳಿ ಹೋಗಿ ನಿಂತೆ. ಸೊಪ್ಪಿನವಳು ಬುಟ್ಟಿ ಇಳಿಸುತ್ತಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಯಾಕ್ ಬುದ್ಧೀ, ಇಂಗ್ ಸೊರಗೋಗಿದ್ದೀರಿ? ಮಗ್ಳು ಅನ್ನ ಇಕ್ಕಲಿಲ್ವಾ?’ ಎಂದಳು. ಬೆಣ್ಣೆ, ಚೀಸ್ ತಿಂದು ಪ್ಯಾಂಟಿನ ಗುಂಡಿ ಹಾಕಲಾಗದೆ ಪಂಚೆಯಲ್ಲಿ ನಿಂತಿದ್ದವನಿಗೆ ಇದಕ್ಕಿಂತ ಇಂಪಾದ ಮಾತು ಬೇರೊಂದಿರಲಾರದು. ಆಮೇಲೆ ನನ್ನವಳು ಬಂದಳು. ಕಟ್ಟು ಸಣ್ಣದಾಯಿತೆಂದು ಇವಳು, ಮಳೆ ಇಲ್ಲವೆಂದು ಅವಳು, ಹತ್ತು ನಿಮಿಷ ವಾದ ನಡೆದು, ಕೊಸರಿಗೆ ಒಂದು ಎಸಳು ಕರಿಬೇವು ಬಂದಮೇಲೆ ರಾಜಿಯಾಯಿತು.

ಬಸ್ಸಿನಲ್ಲೂ ಅಷ್ಟೆ. 2023ರ ಜೂನ್‌ನಿಂದ ನಮ್ಮ ಹೆಂಗಸರಿಗೆ ಬಸ್ ಪ್ರಯಾಣ ಉಚಿತ. ದುಡ್ಡೇ ಕೊಡಬೇಕಿಲ್ಲದ ಮೇಲೆ ಮಾತೇಕೆ ಎನ್ನುತ್ತೀರಾ? ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯಬೇಕಲ್ಲ! ಆಧಾರ್‌ನ ಫೋಟೋದಲ್ಲಿರುವುದು ತಾನೇ ಎಂದು ಕಂಡಕ್ಟರಿಗೆ ಒಪ್ಪಿಸುವಷ್ಟರಲ್ಲಿ ನನ್ನವಳಿಗೆ ಇಳಿಯುವ ಸ್ಟಾಪ್ ಬಂದಿತ್ತು. ಅದೇ ಸಂಜೆ ಕರೆಂಟ್ ಹೋಯಿತು. ಒಂದೊಂದೇ ಬಾಗಿಲು ತೆರೆದು ಎಲ್ಲರೂ ಜಗುಲಿಗೆ ಬಂದರು. ‘ನಿಮ್ಮನೇಲೂ ಹೋಯ್ತಾ?’ ಎಂದು ಎದುರುಮನೆಯವರು ಕೇಳಿದರು. ಇಡೀ ಬೀದಿಯೇ ಕತ್ತಲಾಗಿತ್ತು, ಅವರಿಗೂ ಕಣ್ಣಿದೆ. ಆದರೂ ಕೇಳಿದರು. ನಾನೂ ‘ಹೂಂ, ನಿಮ್ಮನೇಲಿ?’ ಎಂದೆ. ಅಲ್ಲಿಂದ ಮಾತು ಅವರ ಮಗನ ಜಾತಕಕ್ಕೆ ಹೋಗಿ ನಿಂತಿತು.

ಅಲ್ಲಿಯ ಅಚ್ಚುಕಟ್ಟನ್ನು ಹಳಿಯುತ್ತಿದ್ದೇನೆ ಎಂದುಕೊಳ್ಳಬೇಡಿ. ನಲ್ಲಿಯ ನೀರನ್ನು ಕಾಯಿಸದೆ ಕುಡಿಯುವುದು, ಫುಟ್‌ಪಾತಿನ ಮೇಲೆ ಬೈಕಿನ ಭಯವಿಲ್ಲದೆ ನಡೆಯುವುದು ಸಣ್ಣ ಭಾಗ್ಯವಲ್ಲ. ಇಲ್ಲಿಯ ಚರಂಡಿ ನೋಡಿದಾಗ ನನಗೂ ಮ್ಯೂನಿಕ್ ನೆನಪಾಗುತ್ತದೆ. ಒಂದು ಊರಿನಲ್ಲಿ ಎಲ್ಲವೂ ಮಾತಿಲ್ಲದೆ ನಡೆಯುತ್ತದೆ, ಇನ್ನೊಂದರಲ್ಲಿ ಮಾತಿಲ್ಲದೆ ಏನೂ ನಡೆಯುವುದಿಲ್ಲ. ನನ್ನ ಜಾತಕ ಎರಡನೆಯ ಊರಿಗೆ ಕೂಡಿಬಂದಿದೆ, ಅಷ್ಟೆ.

ನಿಮ್ಮ ಮಕ್ಕಳು ಕರೆದರೆ ಬಿಂಕ ಮಾಡದೆ ಹೋಗಿಬನ್ನಿ. ಹಿಟ್ಟನ್ನು ಮಾತ್ರ ಶನಿವಾರವೇ ರುಬ್ಬಿಟ್ಟುಕೊಳ್ಳಿ, ಅದೂ ರಾತ್ರಿ ಹತ್ತರೊಳಗೆ.