ಆರ್‌ವಿ: ಓಡಿಸುವ ಮೊದಲು ಓದಿಕೊಳ್ಳತಕ್ಕದ್ದು

ಅರ್ಹತೆ

ಸಿಲಿಕಾನ್ ವ್ಯಾಲಿಯಲ್ಲಿ ಬಾಡಿಗೆ ಮನೆ, ಎಚ್-1ಬಿ ವೀಸಾ, ಒಂದು ಮಗು ಮತ್ತು ಒಂದು ಕೆಟ್ಟ ವರ್ಷ ಇರುವ ಕನ್ನಡ ದಂಪತಿಗಾಗಿ ಈ ಕೈಪಿಡಿ. ವರ್ಷ ಎಷ್ಟು ಕೆಟ್ಟಿರಬೇಕು? ಊರಲ್ಲಿ ಅಪ್ಪ ತೀರಿಕೊಂಡಾಗ, ಹೋದರೆ ವೀಸಾ ಸ್ಟ್ಯಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆಂಬ ಭಯಕ್ಕೆ ಕರ್ಮಗಳನ್ನೆಲ್ಲ ವಾಟ್ಸಾಪ್ ವಿಡಿಯೋದಲ್ಲಿ ನೋಡಿರಬೇಕು. ಆಮೇಲೆ ಕೆಲಸ ಹೋಗಿರಬೇಕು. ಕೆಲಸ ಹೋದ ಎಚ್-1ಬಿಯವರಿಗೆ ಅಮೆರಿಕ ಕೊಡುವ ಗಡುವು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಅರ್ಜಿ ಹಾಕದಿದ್ದರೆ ಸಾಮಾನ್ಯವಾಗಿ ಗಂಟುಮೂಟೆ ಕಟ್ಟುವುದೇ ಸರಿ. ಗಡುವಿನ ಕೊನೆಗೆ ಹೊಸ ಕೆಲಸ ಸಿಕ್ಕಿ, ಸೇರುವುದು ಜನವರಿಯಲ್ಲಿ ಎಂದಾಗಿ, ಡಿಸೆಂಬರ್‌ನಲ್ಲಿ ಇಬ್ಬರೂ ಏನೂ ತೋಚದೆ ಕೂತಿರುವಾಗ “ರೀ, ಎಲ್ಲಿಗಾದ್ರೂ ಹೋಗೋಣ” ಎಂಬ ಮಾತು ಬಂದರೆ ಮುಂದೆ ಓದಿ. ಬರದಿದ್ದರೆ ಮನೆಯಲ್ಲೇ ಇರಿ, ಅದು ಅಗ್ಗ.

ಗಾಡಿಯ ಪರಿಚಯ

ನಿಮ್ಮ ಕೈಗೆ ಬರುವುದು ಸಿ ದರ್ಜೆಯ ಆರ್‌ವಿ: ಟ್ರಕ್ಕಿನ ಚಾಸಿ ಮೇಲೆ ಕೂರಿಸಿದ ಮನೆ. ಚಾಲಕನ ತಲೆಯ ಮೇಲೆ ಅಟ್ಟದಲ್ಲೊಂದು ಹಾಸಿಗೆ. ಅದನ್ನು ಮಗು ಆಗಲೇ ಹಿಡಿದಾಗಿರುತ್ತದೆ. ಉದ್ದ 25ರಿಂದ 30 ಅಡಿ, ಎತ್ತರ ಹೆಚ್ಚುಕಡಿಮೆ 12 ಅಡಿ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿವರೆಗಿನ ಇಂಥ ಗಾಡಿಗೆ ಕಾರಿನ ಲೈಸೆನ್ಸೇ ಸಾಕು. ಖುಷಿಪಡಬೇಡಿ, ಎದುರಿಗೆ ಬರುವವನಿಗೂ ಅಷ್ಟೇ ಸಾಕಾಗಿದೆ.

ಎಡಕ್ಕೆ ತಿರುಗಿಸಿದರೆ ಗಾಡಿಯ ಬಾಲ ಬಲಕ್ಕೆ ಬೀಸುತ್ತದೆ. ಅಲ್ಲಿ ಕಂಬವಿದೆಯೇ ನೋಡಿಕೊಳ್ಳಿ. ಮೈಲೇಜ್ ಗ್ಯಾಲನ್ನಿಗೆ 8–10 ಮೈಲಿ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಬಂದರೆ ಪುಣ್ಯ. ತುಮಕೂರಿನಿಂದ ಅಮ್ಮ ವಿಡಿಯೋ ಕಾಲ್ ಮಾಡಿ “ಏನೋ, ಲಾರಿ ಓಡಿಸ್ತಿದ್ದೀಯಾ?” ಎಂದರೆ “ಹೂಂ ಕಣಮ್ಮ” ಅನ್ನಿ. ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದವರಿಗೆ ಇಷ್ಟಾದರೂ ನಗು ಸಲ್ಲಬೇಕು.

ದಾರಿ

ಯೋಜನೆಯಿಲ್ಲದೆ ಸುಮ್ಮನೆ ಹೊರಡಬೇಕೆಂದರೆ ಅಮೆರಿಕದಲ್ಲಿ ಆರು ತಿಂಗಳ ಹಿಂದೆಯೇ ಯೋಜನೆ ಹಾಕಿರಬೇಕು. ಹೆಸರುವಾಸಿ ಕ್ಯಾಂಪ್‌ಗ್ರೌಂಡುಗಳ ಬುಕಿಂಗ್ ಆಗಲೇ ತೆರೆದು, ಆಗಲೇ ಮುಗಿದಿರುತ್ತದೆ. ಯೊಸೆಮಿಟಿ ದಾಟಿಸುವ ಟಯೋಗಾ ರಸ್ತೆಯೂ ಚಳಿಗಾಲದಲ್ಲಿ ಹಿಮ ಬಿದ್ದು ಬಂದ್. ಹಾಗಾಗಿ ದಕ್ಷಿಣಕ್ಕೆ ಸುತ್ತಿ, ಬೇಕರ್ಸ್‌ಫೀಲ್ಡ್, ಟೆಹಾಚಪಿ ದಾಟಿ, ಮೊಹಾವಿಯ ಗಾಳಿಗೆ ಸ್ಟಿಯರಿಂಗ್ ಎರಡೂ ಕೈಯಲ್ಲಿ ಹಿಡಿದು 395ನೇ ಹೆದ್ದಾರಿ ಸೇರಿ. ಎಡಕ್ಕೆ ಸಿಯೆರಾ ಪರ್ವತ, ಬಲಕ್ಕೆ ಮರುಭೂಮಿ. ಅಲಾಸ್ಕಾ, ಹವಾಯಿ ಬಿಟ್ಟರೆ ದೇಶದ ಅತಿ ಎತ್ತರದ ಶಿಖರ ವಿಟ್ನಿ, 14,505 ಅಡಿ, ಲೋನ್ ಪೈನ್ ಎಂಬ ಪುಟ್ಟ ಊರಿನ ತಲೆಯ ಮೇಲಿದೆ. ಅಲ್ಲಿಂದ ಒಂದು ದಿನದೊಳಗಿನ ದಾರಿಯಲ್ಲಿ ಡೆತ್ ವ್ಯಾಲಿಯ ಬ್ಯಾಡ್‌ವಾಟರ್, ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ. ಇಷ್ಟು ತಗ್ಗು ಜಾಗ ಉತ್ತರ ಅಮೆರಿಕದಲ್ಲಿ ಇನ್ನೊಂದಿಲ್ಲ. ಎರಡನ್ನೂ ಒಂದೇ ದಿನ ನೋಡಲು ಹೋಗಬೇಡಿ. ಇಳಿಜಾರಿನಲ್ಲಿ ಬ್ರೇಕ್ ವಾಸನೆ ಹೊಡೆಯುತ್ತದೆ.

ಒಕ್ಕೂಟ ಸರ್ಕಾರದ ಬಯಲು ಜಮೀನಿನಲ್ಲಿ ಬಹಳ ಕಡೆ 14 ದಿನದವರೆಗೆ ಬಿಟ್ಟಿಯಾಗಿ ತಂಗಬಹುದು. ನಲ್ಲಿ, ಕರೆಂಟು, ನೆರೆಯವರು ಯಾವುದೂ ಇಲ್ಲ.

ಕಪ್ಪು ಟ್ಯಾಂಕು

ಬಾಡಿಗೆ ಕೊಡುವವರು ಗಡಿಬಿಡಿಯಲ್ಲಿ ಹೇಳಿ ಮುಗಿಸುವ ಭಾಗ ಇದೇ. ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕು: ಒಳ್ಳೆಯ ನೀರಿಗೆ ಒಂದು, ಸಿಂಕು-ಬಚ್ಚಲಿನ ನೀರಿಗೆ ಬೂದು, ಕಕ್ಕಸಿಗೆ ಕಪ್ಪು. ಕಪ್ಪಿನ ವಾಲ್ವನ್ನು ಸದಾ ಮುಚ್ಚಿಟ್ಟಿರಿ. ತೆರೆದಿಟ್ಟರೆ ನೀರಷ್ಟೇ ಹರಿದುಹೋಗಿ ಉಳಿದದ್ದು ಒಳಗೇ ಗಟ್ಟಿಯಾಗಿ ಕೂರುತ್ತದೆ.

ಡಂಪ್ ಸ್ಟೇಷನ್ನಿಗೆ ಬಂದ ಮೇಲೆ ಕೈಗವಸು ಹಾಕಿಕೊಳ್ಳಿ. ಈ ಹೊತ್ತಿಗೆ ಸರಿಯಾಗಿ “ನೀವು ಮಾಡಿ, ನಾನು ಮಗೂನ ನೋಡ್ಕೋತೀನಿ” ಎಂಬ ಮಾತು ಕೇಳಿಸುತ್ತದೆ. ಮಗು ಗಾಢ ನಿದ್ದೆಯಲ್ಲಿರುತ್ತದೆ. ದಪ್ಪ ಕೊಳವೆಯ ಒಂದು ತುದಿ ಗಾಡಿಗೆ, ಇನ್ನೊಂದು ನೆಲದ ತೂತಿಗೆ. ಮೊದಲು ಕಪ್ಪು, ಆಮೇಲೆ ಬೂದು. ಸೋಪಿನ ನೀರು ಹಿಂದಿನಿಂದ ಬಂದು ಕೊಳವೆ ತೊಳೆಯಲಿ ಎಂದು. ಕ್ರಮ ತಪ್ಪಿಸಿದವರ ವಿಷಯ ಇಲ್ಲಿ ಬರೆಯುವಂಥದ್ದಲ್ಲ.

ಹಿಡಿಕೆ ಎಳೆಯಿರಿ. ವರ್ಷವಿಡೀ ಬಂದ ಯಾವ ತೊಂದರೆಗೂ ಹಿಡಿಕೆ ಇರಲಿಲ್ಲ. ಇದಕ್ಕಿದೆ, ಎಳೆದರೆ ಹೋಗುತ್ತದೆ, ಹೋಗುವ ಸದ್ದೂ ಕೇಳುತ್ತದೆ. ಡಂಪ್ ಸ್ಟೇಷನ್ನಿನಲ್ಲಿ ಗಂಡಸರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದಕ್ಕೆ ಬೇರೆ ಕಾರಣ ನನಗಂತೂ ಕಾಣುವುದಿಲ್ಲ.

ನಂತರ ಮೈಲಿಗೆ ಕಳೆಯಲು ತಲೆಗೆ ಸ್ನಾನ ಮಾಡಬೇಕೆನಿಸುವುದು ಸಹಜ. ಹೀಟರಿನಲ್ಲಿ ಬಿಸಿನೀರು ಇರುವುದು 6 ಗ್ಯಾಲನ್, ಸುಮಾರು 23 ಲೀಟರ್. ಮಿಂದಷ್ಟೂ ಬೂದು ಟ್ಯಾಂಕು ಮತ್ತೆ ತುಂಬುತ್ತದೆ. ಗೋಡೆಯ ಮೇಲಿನ ದೀಪ ನಂಬಬೇಡಿ. ಕಪ್ಪು ಟ್ಯಾಂಕು ಖಾಲಿಯಾದ ಮೇಲೂ ಅದು ಮುಕ್ಕಾಲು ತುಂಬಿದೆ ಎನ್ನುವುದುಂಟು.

ಒಗ್ಗರಣೆ

ಒಲೆ ಪ್ರೊಪೇನಿನದು. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಸೋರಿಕೆಯ ಅಲಾರಂ ನೆಲದ ಹತ್ತಿರ ಇರುತ್ತದೆ, ಅದು ನಿಮ್ಮ ಗೋಜಿಗೆ ಬರುವುದಿಲ್ಲ. ಹೊಗೆಯ ಅಲಾರಂ ಮಾತ್ರ ನೆತ್ತಿಯ ಮೇಲೆ. ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಅದು ಕೂಗಿಕೊಳ್ಳುತ್ತದೆ, ಅಟ್ಟದಿಂದ ಮಗುವೂ. ಚಾವಣಿಯ ಫ್ಯಾನ್ ಹಾಕಿ, ಕಿಟಕಿ ತೆರೆದು, ಆಮೇಲೆ ಸಾಸಿವೆ ಹಾಕಿ. ಕ್ಯಾಂಪ್‌ಗ್ರೌಂಡಾದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯವಾಗಿ ಸದ್ದು ಕೂಡದು. ಪಕ್ಕದ ಗಾಡಿಯ ನಿವೃತ್ತ ದಂಪತಿ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಬಂದರೆ ಕ್ಷಮೆ ಕೇಳುತ್ತಾ ನಿಲ್ಲಬೇಡಿ, ಚಿತ್ರಾನ್ನ ಕೊಡಿ.

ದೋಷ ಮತ್ತು ಪರಿಹಾರ

ಬೆಳಗ್ಗೆ ನಲ್ಲಿಯಲ್ಲಿ ನೀರಿಲ್ಲ: ಕೊಳವೆ ಹೆಪ್ಪುಗಟ್ಟಿದೆ. ಬಿಸಿಲು ಏರಲಿ.

ಪಾತ್ರೆಗಳ ಗದ್ದಲ: ಕಪಾಟಿನ ಚಿಲಕ ಹಾಕಿಲ್ಲ. ಫಿಲ್ಟರನ್ನೂ ಲೋಟಗಳನ್ನೂ ಟವೆಲಿನಲ್ಲಿ ಸುತ್ತಿಡಿ.

ಪೆಟ್ರೋಲ್ ಹಾಕಿಸಿ ಬಂದ ಗಂಡ ಮಾತಾಡುತ್ತಿಲ್ಲ: ಅಪ್ಪ ಇದ್ದಿದ್ದರೆ ಗಾಡಿಯ ಬಗ್ಗೆ ಮೊದಲು ಕೇಳುತ್ತಿದ್ದದ್ದು ಮೈಲೇಜ್. ಇದಕ್ಕೆ ಬಿಡಿಭಾಗ ಸಿಗುವುದಿಲ್ಲ. ಊಟದ ಮೇಜನ್ನು ಕೆಳಕ್ಕಿಳಿಸಿದರೆ ಹಾಸಿಗೆಯಾಗುತ್ತದೆ; ಇಳಿಸಿ, ಮಲಗಲು ಬಿಡಿ.

ಮರಳಿಸುವಾಗ

ಕಪ್ಪು, ಬೂದು ಎರಡೂ ಟ್ಯಾಂಕು ಖಾಲಿ ಮಾಡಿ, ಪೆಟ್ರೋಲ್ ತೆಗೆದುಕೊಂಡಾಗ ಇದ್ದಷ್ಟೇ ತುಂಬಿಸಿ, ಕಸ ಗುಡಿಸಿ. ಕೌಂಟರಿನವರು ಪ್ರತಿಯೊಂದಕ್ಕೂ ಬೇರೆ ಬೇರೆ ಶುಲ್ಕದ ಪಟ್ಟಿ ಇಟ್ಟುಕೊಂಡಿರುತ್ತಾರೆ. ಇಂಗಿನ ವಾಸನೆಗೆ ಎಷ್ಟು ಎಂದು ನೀವಾಗಿ ಕೇಳತಕ್ಕದ್ದಲ್ಲ.