2004ಕ್ಕೆ ಸೇವ್ ಮಾಡಿ ಕಳ್ಸಿ

ಪ್ರತಿ ಊರಿನ ನಗರಸಭೆಯ ಆಸುಪಾಸಿನಲ್ಲಿ, ಜೆರಾಕ್ಸ್ ಅಂಗಡಿಯ ಮಹಡಿ ಮೇಲೆ, ಒಬ್ಬ ಡ್ರಾಫ್ಟ್ಸ್‌ಮನ್ ರಾಯರು ಇರುತ್ತಾರೆ. ಯಾವ ಗುಮಾಸ್ತ ಯಾವ ಗೆರೆಗೆ ತಕರಾರು ತೆಗೆಯುತ್ತಾನೆಂಬುದು ಅವರೊಬ್ಬರಿಗೇ ಗೊತ್ತು. ಹಾಗಾಗಿ ನನ್ನಂಥ ಇಂಜಿನಿಯರುಗಳು ಪ್ಲಾನಿನ ಫೈಲನ್ನು ಅವರಿಗೇ ಕಳಿಸಬೇಕು. ಕಳಿಸಿ ಟೀ ಕುಡಿಯುವಷ್ಟರಲ್ಲಿ ಫೋನು.

"ಸಾರ್, ನಿಮ್ಮ ಫೈಲು ಸರಿಯಿಲ್ಲ."

ರಾಯರ ಕಂಪ್ಯೂಟರಿನಲ್ಲಿರುವುದು ಆಟೋಕ್ಯಾಡ್ 2006. 2004ರ ಫಾರ್ಮ್ಯಾಟ್ ದಾಟಿದ ಯಾವ ಡಿಡಬ್ಲ್ಯುಜಿ ಫೈಲನ್ನೂ ಅದು ಓದಲಾರದು. ನನ್ನದು 2018ರ ಫಾರ್ಮ್ಯಾಟು. ಆದರೆ ಆ ಸಾಫ್ಟ್‌ವೇರು "ನನಗೆ ವಯಸ್ಸಾಯ್ತಪ್ಪ, ಓದಕ್ಕಾಗಲ್ಲ" ಅನ್ನುವುದಿಲ್ಲ. ಈ ಡ್ರಾಯಿಂಗ್ ಫೈಲೇ ಸಿಂಧುವಲ್ಲ ಎಂದುಬಿಡುತ್ತದೆ. ರಾಯರಿಗೂ ಅದಕ್ಕೂ ಇಷ್ಟು ವರ್ಷ ಕೂಡಿಬಂದದ್ದು ಸುಮ್ಮನೆ ಅಲ್ಲ.

ಒಮ್ಮೆ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತು, ಅವರದೊಂದು, ನನ್ನದೊಂದು ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ತೋರಿಸಿದೆ. ಒಳಗೆಲ್ಲ ಅರ್ಥವಾಗದ ಚಿಹ್ನೆಗಳು. ಮೊದಲ ಆರು ಅಕ್ಷರ ಮಾತ್ರ ಸ್ಪಷ್ಟ. ಅವರದರಲ್ಲಿ ಎಸಿ1018, ನನ್ನದರಲ್ಲಿ ಎಸಿ1032.

"ಇದು ಫೈಲಿನ ಜಾತಕ ರಾಯರೇ. ನಿಮ್ಮದು 2004ರದು, ನನ್ನದು 2018ರದು."

"ಇಷ್ಟೇನಾ?" ಎಂದವರೇ, 1032 ಅಳಿಸಿ 1018 ಎಂದು ಒತ್ತಿ, ನಾನು ಬಾಯಿ ತೆರೆಯುವುದರೊಳಗೆ ಸೇವ್ ಮಾಡಿದರು. ಆಮೇಲೆ ಅದು ಅವರ ಯಂತ್ರದಲ್ಲೂ ತೆರೆಯಲಿಲ್ಲ, ನನ್ನ ಲ್ಯಾಪ್‌ಟಾಪಿನಲ್ಲೂ ತೆರೆಯಲಿಲ್ಲ.

"ನಾನ್ ಹೇಳ್ಲಿಲ್ವಾ ಸಾರ್? ಫೈಲೇ ಸರಿಯಿಲ್ಲ."

2004ಕ್ಕೆ ಇಳಿಸಿ ಕಳಿಸಿದರೂ ಮುಗಿಯುವುದಿಲ್ಲ. ಎಸ್‌ಎಚ್‌ಎಕ್ಸ್ ಫಾಂಟ್ ಇಲ್ಲವೆಂದು ಒಂದು ಎಚ್ಚರಿಕೆ, ಪ್ರಾಕ್ಸಿ ವಸ್ತುಗಳಿವೆಯೆಂದು ಇನ್ನೊಂದು. "ಬಾಗಿಲು ಕಾಣ್ತದೆ ಸಾರ್, ಟ್ರಿಮ್ ಮಾಡಕ್ಕೆ ಹೋದ್ರೆ ಜಗ್ಗಲ್ಲ" ಎಂದು ರಾತ್ರಿ ಹತ್ತಕ್ಕೆ ದೂರು. ಇಷ್ಟೆಲ್ಲ ಹೇಳುವವರ ಸ್ವಂತ ಡ್ರಾಯಿಂಗಿನ ಕನ್ನಡ ಟಿಪ್ಪಣಿಗಳೋ, ನುಡಿ ಫಾಂಟಿಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಆದರೂ ಒಂದನ್ನು ಒಪ್ಪಬೇಕು. ಹೊಸ ಆಟೋಕ್ಯಾಡಿಗೆ ಹಳೆಯ ಫಾರ್ಮ್ಯಾಟು ಓದಲು ಬರುತ್ತದೆ, ಹಳೆಯದಕ್ಕೆ ಹೊಸದು ಬರುವುದಿಲ್ಲ. ಹಾಗಾಗಿ ರಾಯರ ಡ್ರಾಯಿಂಗ್ ಎಲ್ಲರಲ್ಲೂ ತೆರೆಯುತ್ತದೆ; ನಮ್ಮ ಯಾರದೂ ಅವರಲ್ಲಿ ತೆರೆಯುವುದಿಲ್ಲ. ಗೋಡೆಗೊಂದು ಲೇಯರು, ಕಿಟಕಿಗೊಂದು ಲೇಯರು, ಬೇಡದ್ದನ್ನೆಲ್ಲ ಪರ್ಜ್ ಮಾಡಿ ಕಳಿಸುವ ಅವರ ಫೈಲು ಕಣ್ಣಿಗೆ ತಂಪು. ನಮ್ಮ ಹುಡುಗರ ಫೈಲಿನಲ್ಲಿ ಗೋಡೆಗಿಂತ ಸೋಫಾಗಳೇ ಹೆಚ್ಚು.

ಮೊನ್ನೆ ಹಳೆಯ ಮನೆಯೊಂದಕ್ಕೆ ಇನ್ನೊಂದು ಮಹಡಿ ಏರಿಸಬೇಕಿತ್ತು. ಪಾಯದ ವಿವರ ಮಾಲೀಕರ ಹತ್ತಿರವೂ ಇಲ್ಲ, ಮೂಲ ಇಂಜಿನಿಯರ್ ತೀರಿಕೊಂಡಿದ್ದಾರೆ. ರಾಯರು ಬೀರುವಿನಿಂದ ಒಂದು ಸಿ.ಡಿ. ತೆಗೆದರು. ಅದನ್ನು ಹಾಕಲು ನನ್ನ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ. ಅವರದೇ ಯಂತ್ರಕ್ಕೆ ಹಾಕಿ, ಪೆನ್‌ಡ್ರೈವಿಗಿಳಿಸಿ ಕೊಟ್ಟರು. ನನ್ನಲ್ಲಿ ಒಂದೂ ಎಚ್ಚರಿಕೆಯಿಲ್ಲದೆ ತೆರೆಯಿತು; ಕಾಲಂ, ಫುಟಿಂಗ್, ಕಂಬಿಯ ಲೆಕ್ಕ ಎಲ್ಲ ಇದ್ದಲ್ಲೇ ಇತ್ತು.

"ಹುಡುಕಿದ್ದಕ್ಕೆ ಇನ್ನೂರು ಕೊಡಿ ಸಾರ್."

ಚಿಲ್ಲರೆ ಇರಲಿಲ್ಲ. ಫೋನಿನಲ್ಲೇ ಹಾಕುತ್ತೇನೆ, ಕ್ಯೂಆರ್ ತೋರಿಸಿ ಎಂದೆ.

"ಅದೆಲ್ಲ ನಮ್ಮಲ್ಲಿ ಓಪನ್ ಆಗಲ್ಲ."